ಕಹಿ ಗುಳಂಬ

ಹೋದ ಬೇಸಿಗೆಯಲ್ಲಿ ಧಾರವಾಡಕ್ಕೆ ಬರುವಾಗ ಇಂಗ್ಲೆಂಡಿನ ಲೀಡ್ಸ್‌ನಿಂದ ಕಿತ್ತಳೆ ಸಿಪ್ಪೆಯ ಮಾರ್ಮಲೇಡಿನ ಎರಡು ಬಾಟ್ಲಿ ತಂದಿದ್ದೆ. ಅವ್ವ ಚಪಾತಿಗೆ ಹಚ್ಚಿಕೊಂಡು ಒಂದು ತುತ್ತು ತಿಂದವಳೇ, "ಯಾರೋ ಗುಳಂಬ ತಳಾ ಹತ್ತಿಸ್ಯಾರ ನೋಡು" ಅಂದಳು. ಗುಳಂಬ ಅಂದರೆ ನಮ್ಮ ಕಡೆಯ ಮಾವಿನಕಾಯಿಯ ಸಿಹಿ ಪಾಕ.

ತಪ್ಪು ನನ್ನದೇ. ಕಿತ್ತಳೆ ಜಾಮ್ ಅಂತ ಹೇಳಿ ಕೊಟ್ಟಿದ್ದೆ. ಜಾಮ್ ಅಂದಕೂಡಲೇ ನಮ್ಮ ನಾಲಿಗೆ ಶಾಲೆ ಡಬ್ಬಿಯ ಆ ಕೆಂಪು ಸಿಹಿಯನ್ನೇ ಹುಡುಕುತ್ತದೆ. ಮಾರ್ಮಲೇಡಿಗೆ ಬೇಕಾದದ್ದು ಸೆವಿಲ್ ಕಿತ್ತಳೆ; ಸುಲಿದು ತಿನ್ನಲಾಗದಷ್ಟು ಹುಳಿ, ಕಹಿ. ಜನವರಿ ಸುಮಾರಿಗೆ ಸ್ಪೇನಿನಿಂದ ಬರುತ್ತದೆ, ಕೆಲವೇ ವಾರಗಳಲ್ಲಿ ಮಾಯ. ನಾವು ಆಪೂಸಿಗೆ ಕಾದಂತೆ ಇಂಗ್ಲೆಂಡಿನವರು ಈ ಕಹಿ ಹಣ್ಣಿಗೆ ಕಾಯುತ್ತಾರೆ. ಕಂಚಿಕಾಯಿ ಉಪ್ಪಿನಕಾಯಿಯ ಸಿಪ್ಪೆ ಚಪ್ಪರಿಸುವ ನಮಗೆ ಅದೇನು ಹೊಸದಲ್ಲ.

ಲೀಡ್ಸ್‌ನಲ್ಲಿ ಪಕ್ಕದ ಮನೆಯ ಅಜ್ಜಿ ಮಾಡುವುದನ್ನು ನಿಂತು ನೋಡಿದ್ದೇನೆ. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಬೀಜ ಮತ್ತು ಒಳಗಿನ ಬಿಳಿ ನಾರನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿಗೆ ಹಾಕುತ್ತಾರೆ. ಗಟ್ಟಿ ಹಿಡಿಸುವ ಪೆಕ್ಟಿನ್ ಹೆಚ್ಚಾಗಿ ಇರುವುದು ನಾವು ಬಿಸಾಡುವ ಆ ಭಾಗದಲ್ಲೇ. ಸಿಪ್ಪೆ ಪೂರ್ತಿ ಬೆಂದ ಮೇಲೇ ಸಕ್ಕರೆ; ಮೊದಲೇ ಸುರಿದರೆ ಅದು ಬಿರುಸಾಗಿಯೇ ಉಳಿಯುತ್ತದೆ. ಇನ್ನು ಹದ. ಫ್ರೀಜರಿನಲ್ಲಿಟ್ಟ ತಾಟಿನ ಮೇಲೆ ಒಂದು ಹನಿ ಬಿಟ್ಟು, ಆರಿದ ಮೇಲೆ ಬೆರಳಿನಿಂದ ಮೆಲ್ಲಗೆ ತಳ್ಳುತ್ತಾರೆ. ಸುಕ್ಕುಗಟ್ಟಿತೋ, ಒಲೆ ಬಂದ್. ಅವ್ವ ಗುಳಂಬದ ಪಾಕವನ್ನು ಎರಡು ಬೆರಳ ನಡುವೆ ಎಳೆ ಎಳೆದು ನೋಡುತ್ತಾಳಲ್ಲ, ಅದೇ ಬುದ್ಧಿ. 105 ಡಿಗ್ರಿ ತೋರಿಸುವ ಥರ್ಮಾಮೀಟರ್ ಪಕ್ಕದಲ್ಲೇ ಇದ್ದರೂ ಆ ಅಜ್ಜಿ ನಂಬುವುದು ತಮ್ಮ ಬೆರಳನ್ನು.

ನನ್ನ ತಕರಾರು ಬೇರೆ. ಇಷ್ಟೆಲ್ಲ ಪಾಡುಪಟ್ಟು, ಬೆಣ್ಣೆ ಸವರಿದ ಟೋಸ್ಟಿನ ಮೇಲೆ ಹಚ್ಚಿ ಮುಗಿಸಿಬಿಡುತ್ತಾರೆ. ಕೇಕಿಗೆ ಹಾಕುತ್ತಾರೆ, ಬೇಯಿಸುವ ಹಂದಿ ಮಾಂಸಕ್ಕೆ ಮೇಲಿಂದ ಸವರುತ್ತಾರೆ, ಸರಿ. ಆದರೆ ಹುಳಿ-ಖಾರದ ಜೊತೆ ಕುದಿಸುವ ಧೈರ್ಯ ನಾನಿರುವ ಓಣಿಯಲ್ಲಂತೂ ಯಾರಿಗೂ ಇಲ್ಲ.

ಆ ಧೈರ್ಯ ಮಾಡಿದವಳು ಅವ್ವ. ಮೂರನೇ ದಿನ ಹಾಗಲಕಾಯಿ ಪಲ್ಯಕ್ಕೆ ಬೆಲ್ಲದ ಡಬ್ಬಿ ಬದಿಗಿಟ್ಟು ಎರಡು ಚಮಚ ಮಾರ್ಮಲೇಡ್ ಹಾಕಿದಳು. ಹುಣಸೆಹುಳಿ, ಗುರೆಳ್ಳು ಪುಡಿ, ಬ್ಯಾಡಗಿ ಖಾರ ಎಂದಿನಂತೆ. ಕಿತ್ತಳೆ ಸಿಪ್ಪೆಯ ಎಳೆಗಳು ಹಾಗಲದ ಹೋಳುಗಳಿಗೆ ಅಂಟಿ ಮಿಂಚುತ್ತಿದ್ದವು. ಬಿಸಿ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, "ಕಹಿಗೆ ಕಹೀನ ಜೋಡಿ ಆತು ನೋಡು" ಅಂದಳು.

ಎರಡನೇ ಬಾಟ್ಲಿ ಈಗ ಉಪ್ಪಿನಕಾಯಿ ಭರಣಿಗಳ ಸಾಲಿನಲ್ಲಿ ಕೂತಿದೆ.