ಸತ್ಯಾಂಶ: ಒಬ್ಬನೇ ದೇವರು ಪರ್ಷಿಯಾದಿಂದ ಬಂದನೇ?

‘ಒಬ್ಬನೇ ದೇವರು ಎಂಬ ನಂಬಿಕೆಯನ್ನು ಯಹೂದಿಗಳು ಜರತುಷ್ಟ್ರನ ಧರ್ಮದಿಂದ (ಪರ್ಷಿಯಾದ, ಅಂದರೆ ಇರಾನಿನ, ಹಳೆಯ ಧರ್ಮ) ನಕಲು ಮಾಡಿದರು’ ಎಂಬ ಫಾರ್ವರ್ಡ್ ಆಗಾಗ ಬರುತ್ತದೆ. ವಿಷಯ ಅಷ್ಟು ಸುಲಭವಲ್ಲ.

ಪರ್ಷಿಯಾದ ದೊರೆ ಸೈರಸ್ ಬ್ಯಾಬಿಲೋನ್ ಗೆದ್ದದ್ದು ಕ್ರಿ.ಪೂ. 539ರಲ್ಲಿ; ಯಹೂದಿಗಳು ಪರ್ಷಿಯನ್ನರ ಆಳ್ವಿಕೆಗೆ ಬಂದದ್ದು ಆಗಲೇ. ಅದಕ್ಕೂ ಸುಮಾರು ಇನ್ನೂರು ವರ್ಷ ಮೊದಲೇ ಇಸ್ರೇಲಿನ ಪ್ರವಾದಿ ಹೋಶೇಯ, ಯಹೂದಿಗಳ ದೇವರಾದ ಯೆಹೋವನನ್ನು ಬಿಟ್ಟು ಬೇರೆ ದೇವರು ಬೇಡ ಎಂದು ತನ್ನ ಜನರ ಜೊತೆ ಜಗಳಕ್ಕಿಳಿದಿದ್ದ. ಇನ್ನೊಂದು ತಮಾಷೆ ನೋಡಿ. ಪರ್ಷಿಯನ್ನರ ಆಳ್ವಿಕೆಯಲ್ಲೇ ಈಜಿಪ್ಟಿನ ಎಲಿಫೆಂಟೈನ್ ದ್ವೀಪದಲ್ಲಿ ಯಹೂದಿ ಸೈನಿಕರಿದ್ದರು. ಅವರ ಕಾಣಿಕೆ ಪಟ್ಟಿ ಸಿಕ್ಕಿದೆ: ಯಾಹೋ (ಯೆಹೋವನೇ) ಜೊತೆಗೆ ಅನಾತ್-ಬೇತೇಲ್ ಎಂಬ ಬೇರೆ ದೇವತೆಯ ಹೆಸರಿಗೂ ಬೆಳ್ಳಿ! ನಕಲು ಹೀಗಿರುತ್ತಾ?

ಅತ್ತ ಪರ್ಷಿಯನ್ನರ ದೇವರುಗಳಲ್ಲಿ ಅಹುರ ಮಜ್ದನೇ ದೊಡ್ಡವನಾದರೂ ಮಿತ್ರ, ಅನಾಹಿತ ಎಂಬ ದೇವತೆಗಳಿಗೂ ಪೂಜೆ ನಡೆಯುತ್ತಿತ್ತು. ಕೇಡಿಗೆ ಅಂಗ್ರ ಮೈನ್ಯು ಎಂಬ ದುಷ್ಟ ಶಕ್ತಿ ಬೇರೆ. ಯಹೂದಿಗಳ ಧರ್ಮಗ್ರಂಥದ ಯೆಶಾಯ 45ನೇ ಅಧ್ಯಾಯದಲ್ಲಾದರೆ ಬೆಳಕು, ಕತ್ತಲು ಎರಡನ್ನೂ ಮಾಡುವವನು ಒಬ್ಬನೇ.

ಕೊಡು-ಕೊಳ್ಳುವುದು ಇರಲೇ ಇಲ್ಲ ಅಂತಲ್ಲ. ತೋಟ ಎನ್ನಲು ಹೀಬ್ರೂವಿನಲ್ಲಿರುವ ‘ಪರ್ದೇಸ್’ ಪದವೇ ಇರಾನಿನದು.