ಉತ್ತರ ಬಾರದ ಪತ್ರ ಬರೆದು ಇಂಗ್ಲಿಷ್ ಬರುವುದಿಲ್ಲ

ಮೊನ್ನೆ ಶನಿವಾರ ಉಡುಪಿ ಕಡೆಯ ಒಂದು ಕಾಲೇಜಿಗೆ ಹೋಗಿದ್ದೆ. ಕಾಮರ್ಸ್ ಮಕ್ಕಳಿಗೆ ಬಿಸಿನೆಸ್ ಇಂಗ್ಲಿಷ್ ತರಬೇತಿ ಇತ್ತು. ಕೊನೆಯಲ್ಲಿ ಎಕ್ಸ್‌ಪೋರ್ಟ್ ಕೆಲಸದ ಬಗ್ಗೆ ಎರಡು ಮಾತು ಹೇಳಿ ಅಂತ ಕರೆದಿದ್ದರು. ನನ್ನ ಸರದಿ ಬರುವವರೆಗೆ ಹಿಂದಿನ ಬೆಂಚಲ್ಲಿ ಕೂತು ನೋಡಿದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಎಂತ ಮಾಡಿಸಿದರು ಗೊತ್ತುಂಟಾ? ಬೋರ್ಡಲ್ಲಿ ಒಂದು ದೂರು ಪತ್ರ. ಮೇಲೆ ಫ್ರಮ್, ಅದರ ಕೆಳಗೆ ಟು, ನಡುವೆ ಸಬ್ಜೆಕ್ಟ್, ಕೊನೆಗೆ ಯುವರ್ಸ್ ಫೇಯ್ತ್‌ಫುಲಿ. ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಆಮೇಲೆ ರೇಟ್ ಕೇಳುವ ಪತ್ರ. ಅದನ್ನೂ ಇಳಿಸಿಕೊಂಡರು. ಮಧ್ಯಾಹ್ನದವರೆಗೆ ಇದೇ. ಯಾರ ಪತ್ರವನ್ನೂ ಯಾರೂ ಓದಲಿಲ್ಲ. ಒಂದೇ ಒಂದಕ್ಕೂ ಉತ್ತರ ಬರಲಿಲ್ಲ. ಉತ್ತರ ಬಾರದಿದ್ದರೆ ಅದು ಬರೀ ಕಾಪಿ ತೆಗೆಯುವ ಕೆಲಸ. ಅದನ್ನು ತರಬೇತಿ ಅಂತ ಕರೆದು ಮಕ್ಕಳ ಕೈಗೆ ಸರ್ಟಿಫಿಕೇಟ್ ಕೊಟ್ಟು ಕಳಿಸಿದ್ದು ನನಗೆ ಸಹಿಸಲಿಕ್ಕೆ ಆಗಲಿಲ್ಲ.

ನಮ್ಮ ಕಡೆಯ ಮಕ್ಕಳಿಗೆ ಭಾಷೆ ಕಷ್ಟ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುತ್ತಾರೆ. ಶಾಲೆಯಲ್ಲಿ ಕನ್ನಡ. ಪಕ್ಕದ ಮನೆಯವರದ್ದು ಬೇರೆ ಭಾಷೆ ಇದ್ದರೆ ಅದೂ ಅರ್ಧ ಬರುತ್ತದೆ. ಇದ್ಯಾವುದನ್ನೂ ಅವರು ನೋಟ್ಸ್ ಬರೆದು ಕಲಿತದ್ದಲ್ಲ. ಇವರು ಒಂದು ಮಾತಾಡಿದರು, ಎದುರಿನವರು ತಿರುಗಿ ಮಾತಾಡಿದರು, ಹಾಗೆ ಬಂತು. ಇಂಗ್ಲಿಷ್ ಪತ್ರಕ್ಕೆ ಮಾತ್ರ ಆ ದಾರಿ ಯಾಕೆ ಬೇಡ?

ಅಕ್ಕನ ಮಗಳು ಹತ್ತನೇವರೆಗೆ ಕನ್ನಡ ಮೀಡಿಯಂ, ಈಗ ಬಿಕಾಂ ಮಾಡ್ತಿದ್ದಾಳೆ. ಕಳೆದ ರಜೆಯಲ್ಲಿ ಅವಳ ಹತ್ತಿರ ಒಂದು ಕೆಲಸ ಮಾಡಿಸಿದೆ. ಅವಳು ಬೈಕಂಪಾಡಿಯ ಗೇರುಬೀಜ ಫ್ಯಾಕ್ಟರಿಯ ಪರ್ಚೇಸ್ ವಿಭಾಗದವಳು, ನಾನು ಆಫ್ರಿಕಾದಿಂದ ಕಚ್ಚಾ ಗೇರುಬೀಜ ಕಳಿಸುವ ವ್ಯಾಪಾರಿ. ಮಾಲು ಸರಿ ಇಲ್ಲ ಅಂತ ನನಗೆ ಮೇಲ್ ಹಾಕಬೇಕು. ಮೊದಲ ಮೇಲ್ ಬಂತು. ನೀವು ಕಳಿಸಿದ ಮಾಲಿನ ಗುಣಮಟ್ಟ ಚೆನ್ನಾಗಿಲ್ಲ, ದಯವಿಟ್ಟು ಸೂಕ್ತ ಕ್ರಮ ಕೈಗೊಳ್ಳಿ. ಇಂಗ್ಲಿಷಲ್ಲಿ ಒಂದು ತಪ್ಪೂ ಇರಲಿಲ್ಲ, ಗೈಡಿನ ವಾಕ್ಯ ಅದು. ನಾನು ವ್ಯಾಪಾರಿಯಾಗಿ ಉತ್ತರ ಹಾಕಿದೆ. ಯಾವ ಕಂಟೇನರ್? ಎಷ್ಟು ಚೀಲ? ತೊಂದರೆ ತೇವಾಂಶದ್ದಾ, ಔಟ್‌ಟರ್ನ್‌ದಾ? ನಾವು ಏನು ಮಾಡಬೇಕು ಅಂತ ನಿಮ್ಮ ಅಪೇಕ್ಷೆ?

"ಚಿಕ್ಕಮ್ಮ, ಔಟ್‌ಟರ್ನ್ ಅಂದ್ರೆ ಎಂತ?" ಅಂತ ಫೋನು ಬಂತು. 80 ಕಿಲೋ ಚೀಲದ ಕಚ್ಚಾ ಬೀಜದಲ್ಲಿ ಎಷ್ಟು ಪೌಂಡ್ ಒಳ್ಳೆಯ ತಿರುಳು ಸಿಗುತ್ತದೆ ಅನ್ನುವ ಲೆಕ್ಕ, ಅದರ ಮೇಲೆಯೇ ರೇಟ್ ನಿಲ್ಲುವುದು ಅಂತ ಹೇಳಿದೆ. ಮರುದಿನದ ಮೇಲ್ ನೋಡಬೇಕಿತ್ತು ನೀವು. ಕಂಟೇನರ್ ನಂಬರ್ ಬಂತು. ಒಪ್ಪಂದದಲ್ಲಿ 48 ಪೌಂಡ್ ಅಂತ ಇದೆ, ಕತ್ತರಿಸಿ ನೋಡಿದಾಗ 45 ಮಾತ್ರ ಸಿಕ್ಕಿದೆ, ಮಾಲು ಪರೀಕ್ಷೆ ಮಾಡಿದ ಸರ್ವೇಯರ್ ರಿಪೋರ್ಟ್ ಜೊತೆಗಿದೆ, ರೇಟ್ ಕಡಿಮೆ ಮಾಡಬೇಕು. ಗ್ರಾಮರ್ ಅಲ್ಲಲ್ಲಿ ಎಡವಿತ್ತು. ಆದರೆ ಓದಿದ ವ್ಯಾಪಾರಿಗೆ ಯಾವ ಸಂಶಯವೂ ಉಳಿಯುವುದಿಲ್ಲ. ನಾನು ಬಿಡಲಿಲ್ಲ. ನಿಮ್ಮ ಗೋಡೌನಲ್ಲಿ ಮಾಲು ಬಿದ್ದಿದ್ದ ಮೇಲೆ ಮಾಡಿಸಿದ ರಿಪೋರ್ಟ್, ಒಪ್ಪುವುದಿಲ್ಲ ಅಂತ ಬರೆದೆ. ಅವಳಿಗೆ ನಿಜವಾಗಿಯೂ ಸಿಟ್ಟು ಬಂತು! ಆ ಸಿಟ್ಟನ್ನು ಮರ್ಯಾದೆ ಬಿಡದೆ ಇಂಗ್ಲಿಷಲ್ಲಿ ಹೇಳುವುದು ಹೇಗೆ ಅಂತ ಒಂದು ಸಂಜೆ ಪೂರ್ತಿ ಕೂತು, ಅಳಿಸಿ ಬರೆದು, ಕಳಿಸಿದಳು. ಓದಿ ಎಷ್ಟು ಖುಷಿ ಆಯ್ತು ಅಂದರೆ ಅಕ್ಕನಿಗೆ ಫೋನ್ ಮಾಡಿ ಪೂರ್ತಿ ಓದಿ ಹೇಳಿದೆ. ಈ ಒಂದು ಜಗಳ ಕಲಿಸಿದ್ದನ್ನು ಅವಳ ಎರಡು ಸೆಮಿಸ್ಟರ್ ಕಲಿಸಿರಲಿಲ್ಲ.

ನಮ್ಮಲ್ಲಿ ಇದು ಯಾಕೆ ಜಾಸ್ತಿ ಮುಖ್ಯ ಅಂದರೆ, ಈ ಊರಿನ ವ್ಯಾಪಾರ ಕಾಗದದ ಮೇಲೆಯೇ ನಿಂತಿರುವುದು. 1906ರಲ್ಲಿ ಒಂದೇ ವರ್ಷ ಮಂಗಳೂರಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ ಕರಾವಳಿ ಇದು. ಪಣಂಬೂರಲ್ಲಿ ಬಂದರು ಉಂಟು. ಎಲ್‌ಸಿ ಮೇಲೆ, ಅಂದರೆ ದಾಖಲೆ ಸರಿ ಇದ್ದರೆ ಹಣ ಕೊಡುತ್ತೇವೆ ಅಂತ ಖರೀದಿದಾರನ ಬ್ಯಾಂಕ್ ಕೊಡುವ ಭರವಸೆಯ ಮೇಲೆ ಮಾಲು ಕಳಿಸಿದರೆ ಬ್ಯಾಂಕ್‌ನವರು ಗೋಡಂಬಿಯ ಡಬ್ಬ ತೆರೆದು ನೋಡುವುದಿಲ್ಲ, ದಾಖಲೆ ಮಾತ್ರ ನೋಡುತ್ತಾರೆ. ಎಲ್‌ಸಿ ವ್ಯವಹಾರಕ್ಕೆ ಬೇರೆ ಬೇರೆ ದೇಶದ ಬ್ಯಾಂಕುಗಳು ಪಾಲಿಸುವ, 2007ರಿಂದ ಜಾರಿಯಲ್ಲಿರುವ ಯುಸಿಪಿ 600 ನಿಯಮ ಹೇಳುವುದೇ ಹಾಗೆ. ಬ್ಯಾಂಕಿಗೆ ದಾಖಲೆ ತಲುಪಿದ ಮೇಲೆ ಹೆಚ್ಚೆಂದರೆ ಐದು ಬ್ಯಾಂಕ್ ದಿನ, ಅಷ್ಟರೊಳಗೆ ಸರಿಯೋ ತಪ್ಪೋ ಹೇಳುತ್ತಾರೆ. ಎಲ್‌ಸಿಯಲ್ಲಿ ಗೋಡಂಬಿಯ ಗ್ರೇಡ್ ಡಬ್ಲ್ಯೂ 240 ಅಂತ ಇದ್ದು ಇನ್‌ವಾಯ್ಸಲ್ಲಿ ಡಬ್ಲ್ಯೂ 320 ಅಂತ ಬಿದ್ದರೆ ಹಣ ನಿಲ್ಲುತ್ತದೆ. ಆಗ ಖರೀದಿದಾರನಿಗೆ ಬರೆದು ಒಪ್ಪಿಸಬೇಕು. ಆ ಮೇಲ್‌ಗೆ ಗೈಡಲ್ಲಿ ಮಾದರಿ ಇರುವುದಿಲ್ಲ. ನಮ್ಮ ಆಫೀಸಿಗೆ ಬರುವ ಹೊಸ ಮಕ್ಕಳು ಫ್ರಮ್, ಟು ಎಲ್ಲ ಸರಿಯಾಗಿ ಹಾಕಿ, ಅಲ್ಲಿಗೆ ನಿಂತು ನನ್ನ ಮುಖ ನೋಡುತ್ತಾರೆ. ಹೊಟ್ಟೆ ಉರಿಯುತ್ತದೆ. ಬುದ್ಧಿವಂತ ಮಕ್ಕಳು ಅವರು.

ಈಗ ಎಲ್ಲ ಎಐ ಬರೆದು ಕೊಡುತ್ತದಲ್ಲ, ಕಲಿಯುವುದು ಯಾಕೆ ಅಂತ ಕೇಳುವವರಿದ್ದಾರೆ. ವಾಕ್ಯ ಬರೆದು ಕೊಡುತ್ತದೆ, ನಾನೂ ಬಳಸುತ್ತೇನೆ. ಆದರೆ ರೇಟ್ ಇಳಿಸಿ ಅಂತ ಕೇಳುವುದಾ, ಮಾಲು ವಾಪಸ್ ತಗೊಳ್ಳಿ ಅನ್ನುವುದಾ, ಈ ಪಾರ್ಟಿ ಜೊತೆ ಮುಂದಿನ ವರ್ಷವೂ ವ್ಯವಹಾರ ಬೇಕಾ, ಎಷ್ಟು ಬಿಗಿಯಾಗಿ ಹೇಳಬೇಕು, ಇದನ್ನು ಕೂತವಳೇ ತೀರ್ಮಾನ ಮಾಡಬೇಕು. ಬಂದ ಇಂಗ್ಲಿಷ್ ನಾನು ಹೇಳಬೇಕೆಂದದ್ದನ್ನೇ ಹೇಳುತ್ತಿದೆಯಾ ಅಂತ ಓದಿ ತಿಳಿಯದವಳು ಸೆಂಡ್ ಒತ್ತುವುದು ಹೇಗೆ?

ಕ್ಲಾಸಲ್ಲಿ ಅರವತ್ತು ಎಪ್ಪತ್ತು ಮಕ್ಕಳು, ಎಲ್ಲರ ಪತ್ರ ಒಬ್ಬ ಲೆಕ್ಚರರ್ ಓದಲಿಕ್ಕೆ ಆಗ್ತದಾ ಅಂತ ಅಲ್ಲಿನ ಒಬ್ಬ ಮೇಡಂ ಕೇಳಿದರು. ಅವರ ಕಷ್ಟ ನಿಜ. ಆದರೆ ಲೆಕ್ಚರರೇ ಓದಬೇಕು ಅಂತ ಎಲ್ಲಿದೆ? ಈ ಬೆಂಚಿನವರು ಮಾರುವವರು, ಆ ಬೆಂಚಿನವರು ಕೊಳ್ಳುವವರು. ಇವತ್ತು ಇವರು ಬರೆಯಲಿ, ನಾಳೆ ಅವರು ಉತ್ತರಿಸಲಿ. ರೇಟ್ ಮಾಲು ಹಡಗಿಗೆ ಹತ್ತಿಸುವವರೆಗಿನ ಎಫ್‌ಒಬಿಯಾ, ಹಡಗಿನ ಬಾಡಿಗೆ, ಇನ್ಶೂರೆನ್ಸ್ ಎಲ್ಲ ಸೇರಿದ ಸಿಐಎಫಾ, ಇನ್ಶೂರೆನ್ಸ್ ಮಾಡಿಸುವವರು ಯಾರು ಅಂತ ಅವರೇ ಬಡಿದಾಡಲಿ. ತಪ್ಪು ಇಂಗ್ಲಿಷ್ ಬಂದರೆ ಬರಲಿ. ಅರ್ಥ ಆಗದಿದ್ದರೆ ಎದುರಿನ ಬೆಂಚೇ ತಿರುಗಿ ಕೇಳುತ್ತದೆ, ಆಗ ಇವರು ತಿದ್ದಿಕೊಳ್ಳುತ್ತಾರೆ. ಲೆಕ್ಚರರ್ ವಾರಕ್ಕೆ ನಾಲ್ಕು ಪತ್ರ ತೆಗೆದು ಎಲ್ಲರ ಮುಂದೆ ಚರ್ಚೆ ಮಾಡಿದರೆ ಸಾಕು. ಇದಕ್ಕೆ ದುಡ್ಡು ಬೇಡ, ಹೊರಗಿನ ಟ್ರೇನರ್ ಬೇಡ.

ನನ್ನ ಫ್ರೆಂಡ್ಸ್ ಲಿಸ್ಟಲ್ಲಿ ಶಿಪ್ಪಿಂಗ್‌ನವರು, ಬ್ಯಾಂಕಿನ ಫಾರೆಕ್ಸ್‌ನವರು, ಕಸ್ಟಮ್ಸ್ ಕ್ಲಿಯರೆನ್ಸ್ ಮಾಡಿಸುವ ಸಿಎಚ್‌ಎ ಆಫೀಸಿನವರು ತುಂಬಾ ಜನ ಇದ್ದೀರಿ. ತಲಾ ಇಬ್ಬರು ಮಕ್ಕಳ ಮೇಲ್‌ಗೆ ಉತ್ತರ ಹಾಕುವಷ್ಟು ಸಮಯ ಸಿಗುತ್ತದಾ ನೋಡಿ. ಕಾಮರ್ಸ್ ಲೆಕ್ಚರರ್‌ಗಳು ಯಾರಾದರೂ ಇದ್ದರೆ ಮೆಸೇಜ್ ಮಾಡಿ. ಮುಂದಿನ ಸೆಮಿಸ್ಟರಿಗೆ ಕೊಳ್ಳುವವಳು ಬೇಕಾದರೂ ನಾನಿದ್ದೇನೆ, ಮಾರುವವಳು ಬೇಕಾದರೂ ನಾನಿದ್ದೇನೆ. ಸುಲಭಕ್ಕೆ ಒಪ್ಪುವುದಿಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿಡಿ.