ನಡುಮೆದುಳಿಗೆ ಸ್ವಿಚ್ ಹಾಕುವ ಎರಡು ದಿನದ ಶಿಬಿರ

ಬೇಸಿಗೆ ರಜೆ ಶುರುವಾದರೆ ಸಾಕು, ಮದುವೆ ಇಲ್ಲದ ದಿನಗಳಲ್ಲೂ ಕಲ್ಯಾಣ ಮಂಟಪಕ್ಕೆ ಬಾಡಿಗೆ ಹುಟ್ಟುತ್ತದೆ. ಬಾಗಿಲಲ್ಲಿ ಫ್ಲೆಕ್ಸ್: ‘ಮಿಡ್‌ಬ್ರೈನ್ ಆಕ್ಟಿವೇಶನ್, ವಯಸ್ಸು 5ರಿಂದ 15, ಎರಡೇ ದಿನ’. ಮಿಡ್‌ಬ್ರೈನ್ ಎಂದರೆ ನಡುಮೆದುಳು, ಅದನ್ನು ‘ಆನ್’ ಮಾಡಿದರೆ ಮಗುವಿನ ಬುದ್ಧಿ ಏರುತ್ತದೆ, ಕಣ್ಣು ಕಟ್ಟಿದರೂ ಓದುತ್ತದೆ ಎಂಬುದು ಶಿಬಿರದವರ ಮಾತು. ಶನಿವಾರ ಬೆಳಿಗ್ಗೆ ಏಳರ ಮಗ್ಗಿ ತಪ್ಪುವ ಮಗುವನ್ನು ಒಳಗೆ ಬಿಟ್ಟರೆ, ಭಾನುವಾರ ಸಂಜೆ ಅದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪೇಪರ್ ಓದುತ್ತದೆ. ಏಳರ ಮಗ್ಗಿ ಆಗಲೂ ತಪ್ಪುತ್ತದೆ, ಆದರೆ ಅದನ್ನು ಕೇಳಿ ಸಂಭ್ರಮ ಕೆಡಿಸುವವರು ಯಾರು?

ಈ ನಡುಮೆದುಳು ಎರಡು ಸೆಂಟಿಮೀಟರ್ ಆಸುಪಾಸಿನ ತುಂಡು. ಕಣ್ಣುಗುಡ್ಡೆ ಹೊರಳಿಸುವುದು, ಬೆಳಕು ಬಿದ್ದಾಗ ಪಾಪೆ ಕಿರಿದು ಮಾಡುವುದು, ಸದ್ದು ಬಂದತ್ತ ಕತ್ತು ತಿರುಗಿಸುವುದು, ಮನುಷ್ಯನನ್ನು ಎಚ್ಚರವಾಗಿಡುವುದು ಇದರ ಕಸುಬುಗಳು. ಡೋಪಮೈನ್ ತಯಾರಿಸುವ ಕಪ್ಪು ಪಟ್ಟಿಯೊಂದು ಇಲ್ಲಿದೆ, ಅಲ್ಲಿನ ಜೀವಕೋಶಗಳು ಸತ್ತರೆ ಪಾರ್ಕಿನ್ಸನ್ ಕಾಯಿಲೆ ಬರುತ್ತದೆ. ಇದು ಹುಟ್ಟುವ ಮೊದಲೇ ಆನ್ ಆಗಿರುವ ಯಂತ್ರ. ಇದು ಆಫ್ ಆದ ಮಗುವನ್ನು ಶಿಬಿರಕ್ಕೆ ಕರೆತರಲಾಗುವುದಿಲ್ಲ, ಐಸಿಯುಗೆ ಸೇರಿಸಬೇಕಾಗುತ್ತದೆ.

ಶಿಬಿರ ನಡೆಸಲು ಬೇಕಾದ ಸಾಮಾನು ಕಡಿಮೆ: ಕಪ್ಪು ಕಣ್ಣುಪಟ್ಟಿ, ಬಣ್ಣದ ಕಾರ್ಡು, ಸ್ಪೀಕರು, ಸರ್ಟಿಫಿಕೇಟು. ಅಪ್ಪ ಅಮ್ಮಂದಿರನ್ನು ಹೊರಗೆ ಕೂರಿಸಿ, ಒಳಗೆ ದೀಪ ಆರಿಸಿ, ಸಂಗೀತ ಹಾಕಿ ಮಕ್ಕಳನ್ನು ಕುಣಿಸಬೇಕು. ಆಮೇಲೆ ಕಾರ್ಡನ್ನು ಮೂಸಿ, ಕೆನ್ನೆಗೆ ಉಜ್ಜಿ, ಬಣ್ಣ ಹೇಳಿ ಎನ್ನಬೇಕು. ಮೂಸಿದರೆ ಬಣ್ಣ ತಿಳಿಯುವುದಿಲ್ಲ, ಆದರೆ ಮೂಸಲು ಕಾರ್ಡನ್ನು ಮೂಗಿನ ಹತ್ತಿರ ತರಲೇಬೇಕಲ್ಲ! ಗುಟ್ಟು ಇರುವುದೇ ಅಲ್ಲಿ. ಎಷ್ಟೇ ಬಿಗಿಯಾಗಿ ಕಟ್ಟಿದರೂ ಮೂಗಿನ ಏಣು ಪಟ್ಟಿಯನ್ನು ಎತ್ತಿ ಹಿಡಿಯುತ್ತದೆ, ಇಕ್ಕೆಲಗಳಲ್ಲಿ ಸಂದಿ ಉಳಿಯುತ್ತದೆ. ತಲೆ ತುಸು ಹಿಂದಕ್ಕೆ ವಾಲಿಸಿ ಕಣ್ಣು ಕೆಳಗಿಳಿಸಿದರೆ ಎದೆಯ ಮುಂದೆ ಹಿಡಿದ ಪುಸ್ತಕ ಸ್ಪಷ್ಟ. ಇದನ್ನು ಕಂಡುಕೊಳ್ಳಲು ಯಾವ ಮಗುವಿಗೂ ಎರಡು ದಿನ ಬೇಡ. ಮೊದಲು ಬಣ್ಣ ಹೇಳಿದ ಮಗುವಿಗೆ ಚಪ್ಪಾಳೆ ಬಿದ್ದ ಮೇಲೆ ಉಳಿದವೂ ಸಂದಿ ಹುಡುಕುತ್ತವೆ. ‘ಕಾಣ್ತಿಲ್ಲ ಸರ್’ ಎಂದ ಮಗುವಿಗೆ ಏಕಾಗ್ರತೆ ಸಾಲದೆಂದು ಎರಡನೇ ಹಂತದ ಶಿಬಿರ, ಎರಡನೇ ಹಂತದ ಫೀಸು.

ಪರೀಕ್ಷಿಸಬೇಕೆಂದರೆ ಮನೆಯಲ್ಲೇ ಸಾಧ್ಯ. ಪುಸ್ತಕವನ್ನು ಹಣೆಗಿಂತ ಮೇಲೆ ಹಿಡಿಯಿರಿ. ಅಥವಾ ದೊಡ್ಡ ರಟ್ಟಿನ ಮಧ್ಯೆ ಕುತ್ತಿಗೆ ಹಿಡಿಯುವಷ್ಟು ತೂತು ಕೊರೆದು ಗಲ್ಲದ ಕೆಳಗೆ ತೊಡಿಸಿ, ಪುಸ್ತಕ ರಟ್ಟಿನ ಕೆಳಗಿರಲಿ. ಈಜುವಾಗ ಹಾಕುವ ಕನ್ನಡಕದ ಗಾಜಿಗೆ ಕಪ್ಪು ಟೇಪ್ ಅಂಟಿಸಿದರೂ ಆಯಿತು, ಅದರ ರಬ್ಬರ್ ಅಂಚು ಚರ್ಮಕ್ಕೆ ಕಚ್ಚಿಕೊಳ್ಳುವುದರಿಂದ ಸಂದಿ ಇರುವುದಿಲ್ಲ. ದಿವ್ಯಶಕ್ತಿ ಅಲ್ಲಿಗೇ ಮಾಯ. ‘ನಿಮ್ಮ ನೆಗೆಟಿವ್ ಎನರ್ಜಿ ತಡೀತಿದೆ’ ಎಂದು ತರಬೇತುದಾರರು ಹೇಳಿಯಾರು. ಒಪ್ಪಿಕೊಳ್ಳಿ, ರಟ್ಟು ತೆಗೆಯಬೇಡಿ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ವರ್ಷಗಳಿಂದ ಊರೂರು ಸುತ್ತಿ ಈ ಇಣುಕಾಟವನ್ನು ಬಯಲು ಮಾಡುತ್ತಲೇ ಇದ್ದಾರೆ. ಮಗುವನ್ನು ಮಾತ್ರ ಬೈಯಬೇಡಿ. ಸಾವಿರಗಟ್ಟಲೆ ಕಟ್ಟಿ ಎದುರು ಕೂತ ಅಪ್ಪನಿಗೆ ‘ನಾನು ಇಣುಕಿ ನೋಡ್ದೆ’ ಎನ್ನುವ ಧೈರ್ಯ ಎಂಟು ವರ್ಷಕ್ಕೆ ಎಲ್ಲಿಂದ ಬರಬೇಕು?

ಪಕ್ಕದ ಮಳಿಗೆಯಲ್ಲಿ ಬೆರಳಚ್ಚು ನೋಡಿ ಮಗು ಮುಂದೆ ಡಾಕ್ಟರೋ ಎಂಜಿನಿಯರೋ ಎಂದು ಹೇಳುವ ‘ಡಿಎಂಐಟಿ’ ಎಂಬ ಪರೀಕ್ಷೆ. ಕೈ ನೋಡಿ ಭವಿಷ್ಯ ಹೇಳುವವರು ಇಷ್ಟು ಬಣ್ಣದ ಪ್ರಿಂಟೌಟ್ ಕೊಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಇವೆರಡಕ್ಕಿಂತ ಒಂದೆಲಗದ ತಂಬುಳಿ ವಾಸಿ, ಬುದ್ಧಿ ಬರದಿದ್ದರೂ ಊಟವಂತೂ ಆಗುತ್ತದೆ.

ಹಾಗಾದರೆ ಬುದ್ಧಿ ಏರಿಸಲು ಸಾಧ್ಯವೇ ಇಲ್ಲವೇ? ಇದೆ, ಆದರೆ ಫ್ಲೆಕ್ಸಿಗೆ ಒಗ್ಗುವಂಥದ್ದಲ್ಲ. ಆರು ಲಕ್ಷಕ್ಕೂ ಹೆಚ್ಚು ಜನರ ದತ್ತಾಂಶ ಒಟ್ಟು ಮಾಡಿದ 2018ರ ಸಂಶೋಧನೆಯ ಲೆಕ್ಕದಲ್ಲಿ, ಹೆಚ್ಚುವರಿಯಾಗಿ ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೂ ಐಕ್ಯೂ ಸುಮಾರು 1ರಿಂದ 5 ಅಂಕ ಏರುತ್ತದೆ. ಎರಡು ದಿನ ಎಲ್ಲಿ, ಒಂದು ವರ್ಷ ಎಲ್ಲಿ! ಇಷ್ಟು ನಿಧಾನದ ಸರಕನ್ನು ಯಾರು ಕೊಳ್ಳುತ್ತಾರೆ?

ಇನ್ನೊಂದು ದಾರಿ, ಉಪ್ಪು. ಬಸುರಿಯಲ್ಲಿ ಅಯೋಡಿನ್ ತೀರಾ ಕಡಿಮೆಯಾದರೆ ಹುಟ್ಟುವ ಮಗುವಿನ ಬುದ್ಧಿ ಕುಂಠಿತವಾಗುತ್ತದೆ, ಆಮೇಲೆ ಯಾವ ಶಿಬಿರವೂ ಅದನ್ನು ತುಂಬಿಕೊಡಲಾರದು. ಅದಕ್ಕೇ ಅಂಗಡಿಯ ಅಯೋಡಿನ್ ಉಪ್ಪಿನಲ್ಲಿ ಕೆ.ಜಿ.ಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬ ನಿಯಮ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ, ತೇವ ತಾಗಿಸಿದರೆ, ಸಾರು ಕುದಿಯುವ ಮೊದಲೇ ಹಾಕಿದರೆ ಅದರಲ್ಲಿ ಸ್ವಲ್ಪ ಹಾರಿಹೋಗುತ್ತದೆ. ಇಳಿಸುವ ಹೊತ್ತಿಗೆ ಹಾಕಿದರಾಯಿತು. ಆದರೆ ಮಗುವನ್ನು ಶಿಬಿರಕ್ಕೆ ಕಳಿಸುವ ಮನೆಗಳಲ್ಲೇ ಈಗ ಅಯೋಡಿನ್ ಸೇರಿಸದ ಗುಲಾಬಿ ಉಪ್ಪು, ಹಲವು ಪಟ್ಟು ಬೆಲೆಗೆ. ಅದು ‘ನ್ಯಾಚುರಲ್’ ಅಂತೆ!

ಮೊಟ್ಟೆಯ ಕತೆ ಇನ್ನೂ ಸೊಗಸು. ತಿಂದೊಡನೆ ಐಕ್ಯೂ ಜಿಗಿಯುತ್ತದೆ ಎಂದಲ್ಲ, ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ ಎಂಬ ಸರಳ ಲೆಕ್ಕ. 2021ರ ಡಿಸೆಂಬರ್‌ನಲ್ಲಿ ಬೀದರ್, ರಾಯಚೂರು, ಯಾದಗಿರಿ ಸೇರಿ ಏಳು ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಸ್ವಾಮೀಜಿಗಳಿಂದ ಹಿಡಿದು ಎಲ್ಲರಿಗೂ ಮಕ್ಕಳ ಮನಸ್ಸಿನ ಚಿಂತೆ ಹತ್ತಿತು. ಬೇಡದವರಿಗೆ ಬಾಳೆಹಣ್ಣು ಇತ್ತು, ಆದರೂ ಗದ್ದಲ. ಈಗ ರಾಜ್ಯದ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ವಾರಕ್ಕೆ ಆರು ದಿನದ ಯೋಜನೆ. ಫೀಸಿಲ್ಲ, ಎರಡನೇ ಹಂತವಿಲ್ಲ. ಸರ್ಟಿಫಿಕೇಟೂ ಕೊಡುವುದಿಲ್ಲ, ಹಾಗಾಗಿ ಹಾಲ್‌ನ ಗೋಡೆಗೆ ಏನು ನೇತುಹಾಕುವುದು ಎಂಬ ತಾಪತ್ರಯ ಮಾತ್ರ ಬಗೆಹರಿದಿಲ್ಲ.